ಅಕ್ಕ ಉಪ್ಪು ಬಿಟ್ಟ ವರ್ಷ

ಈಗಲೂ ನಮ್ಮ ಮನ್ಯಾಗ ಯಾರರ ಊಟಕ್ಕ ಕುಂತು "ನಂಗ ಇದು ಬ್ಯಾಡ" ಅಂದ್ರ ನನಗ ತಡಕೊಳ್ಳಾಕ ಆಗೂದಿಲ್ಲ. ಯಾಕ ಬ್ಯಾಡ, ಯಾವಾಗಿಂದ ಬ್ಯಾಡ, ಹೊಟ್ಟಿ ತುಂಬೇತೋ ಮನಸಿಗೆ ಏನರ ಆಗೇತೋ ಅಂತ ಫೌಜದಾರನಂಗ ಕೇಳತೀನಿ. ಸೊಸಿ ನಗತಾಳ. "ಅತ್ತಿ, ಹೀರಿಕಾಯಿ ಬ್ಯಾಡಂದ್ರೂ ಪಂಚಾಯ್ತಿ ಕೂಡಸ್ತೀರಲ್ರಿ" ಅಂತಾಳ. ನಗಲಿ ಬಿಡ್ರಿ, ಆಕಿಗೆ ಗೊತ್ತಿಲ್ಲ. ಇದ ಮನ್ಯಾಗ ಒಬ್ಬಾಕಿ ಒಂದೊಂದು ಬ್ಯಾಡ ಅನಕೋತ ಅನಕೋತ ಸಾವಿನ ಬಾಗಲತನಕ ಹೋಗಿದ್ಳು. ನಾವೆಲ್ಲಾ ಆಕಿಗೆ ಕೈ ಮುಗಕೋತ ನಿಂತಿದ್ವಿ.

ಆಕಿ ನನ್ನ ನೆಗೆಣ್ಣಿ. ನಮ್ಮ ಭಾವನ ಹೆಂಡ್ತಿ. ಎದುರಿಗೆ ಅಕ್ಕಾರ ಅಂತಿದ್ದೆ, ರೀ ಹಚ್ಚಿ ಮಾತಾಡತಿದ್ದೆ, ಮನಸಿನ್ಯಾಗ ಮಾತ್ರ ಆಕಿ ನನಗ ಆಕಿನ. ನಾ ಸೊಸಿಯಾಗಿ ಬಂದಾಗ ನನಗ ಹತ್ತೊಂಬತ್ತು, ಆಕಿಗೆ ಮೂವತ್ತೈದು. ನಮ್ಮದು ಉಗಾರದ ಕಡೆ ಹೊಳಿದಂಡಿ ಊರು, ಎಲ್ಲಿ ನೋಡಿದ್ರೂ ಕಬ್ಬು. ಆಕಿ ತೆಲಸಂಗದಾಕಿ, ಒಣ ಸೀಮಿಯಿಂದ ಬಂದಾಕಿ. ಬಿಳಿಜ್ವಾಳದ ರೊಟ್ಟಿ ಬಡಿಯಾಕ ಕುಂತ್ಳಂದ್ರ ಸಪ್ಪಳ ಓಣಿ ತುದಿತನಕ ಕೇಳತಿತ್ತು. ನಾ ಬಡದ ರೊಟ್ಟಿ ನೋಡಿ "ಇದೇನ ಬೇ, ಅಥಣಿ ತಾಲೂಕಿನ ನಕ್ಷಾ ಮಾಡೀಯಲ್ಲ" ಅಂತಿದ್ಳು. ನನ್ನ ನಾಲಗಿ ಮೊದಲಿಂದ ಉದ್ದ, ಆದ್ರ ಆಕಿ ಅಂದ್ರ ಬ್ಯಾಸರ ಆಗತಿರಲಿಲ್ಲ.

ನಮ್ಮ ಜೈನ ಮಂದ್ಯಾಗ ಮುನಿಗಳಿಗೆ, ಸನ್ಯಾಸ ತಗೊಂಡ ಮಾತಾಜಿಗಳಿಗೆ ಆಹಾರ ಕೊಡೂದಂದ್ರ ದೊಡ್ಡ ಭಾಗ್ಯ. ಅವರು ದಿನಕ್ಕ ಒಮ್ಮೆ ಉಣ್ಣೂದು, ಅದೂ ಬೊಗಸಿಯೊಳಗ. ಬೆಳಿಗ್ಗೆ ಅವರು ಬಸದಿಯಿಂದ ಹೊರಬಿದ್ದು ಓಣ್ಯಾಗ ಬರೂವಾಗ ಮಡಿ ಉಟ್ಟಾಕಿ ಬಾಗಲದಾಗ ಕಳಸ ಹಿಡಕೊಂಡು ನಿಂತು, "ಅತ್ರ ಅತ್ರ, ತಿಷ್ಠ ತಿಷ್ಠ", ಇಲ್ಲೇ ನಿಲ್ಲರಿ ಅಂತ ಕರೀಬೇಕು. ಅವರು ಮನಸಿನ್ಯಾಗ ಒಂದು ವಿಧಿ ಹಿಡದು ಬಂದಿರತಾರ. ತೆಂಗಿನಕಾಯಿ ಹಿಡದಾಕಿ ಕಂಡ್ರ ನಿಲ್ಲೂದು, ಇಲ್ಲಾ ಗಂಡ ಹೆಂಡ್ತಿ ಜೋಡಿ ನಿಂತಿದ್ರ ನಿಲ್ಲೂದು, ಹಿಂಗ ಏನರ. ಅದೇನಂತ ಯಾರಿಗೂ ಹೇಳೂದಿಲ್ಲ. ಕಂಡ್ರ ಊಟ, ಕಾಣಲಿಲ್ಲಂದ್ರ ಆ ದಿನ ನೀರೂ ಇಲ್ಲ, ತಿರುಗಿ ಬಸದಿಗೆ. ನಮ್ಮ ಬಾಗಲದಾಗ ಕಳಸ ಹಿಡಿಯಾಕಿ ಅಕ್ಕ. ಹದಿನೈದು ವರ್ಷ ಆ ಜಾಗಾ ಆಕೀದು. ಶುದ್ಧ ಅಡಗಿ ಮಾಡೂ ಕೋಣಿಗೆ ನಾವು ಚೌಕ ಅಂತೀವಿ, ಅದರಾಗ ಆಕಿ ಕೇಳದ ಒಂದು ಚಮಚಾ ಅತ್ತಾಗಿಂದ ಇತ್ತಾಗ ಹೋಗತಿರಲಿಲ್ಲ.

ಎಂಬತ್ತರ ದಶಕದ ಕೊನಿಗೆ ಬಂದಿದ್ವಿ. ಒಂದಿನ ರೊಟ್ಟಿ ಬಡಿಯೂವಾಗ ಆಕಿ ಎಡಗೈ ಎತ್ತಿದಾಕಿ ಹಂಗ ಹಲ್ಲು ಕಚ್ಚಿದ್ಳು. ನಾ ಬಿಡಲಿಲ್ಲ, ಹಿತ್ತಲಕ್ಕ ಕರಕೊಂಡು ಹೋಗಿ ಕೇಳಿದೆ. ಎದಿಯೊಳಗ ಗಂಟು. ಒಂದು ವರ್ಷದಿಂದ ಇತ್ತಂತ. ಗಂಡಗ ಹೆಂಗ ಹೇಳೂದು, ಅತ್ತಿಗೆ ಹೆಂಗ ಹೇಳೂದು ಅಂತ ಸೆರಗಿನ್ಯಾಗ ಮುಚ್ಚಿ ಇಟಗೊಂಡಿದ್ಳು. ನಾ ನಮ್ಮ ಮನಿಯವರಿಗೆ ಹೇಳಿದೆ, ಅವರು ಭಾವಗ ಹೇಳಿದ್ರು. ರೈಲು ಹತ್ತಿ ಮಿರಜಿಗೆ ಹೋದ್ವಿ. ಒಂದು ಕಡೆ ಎದಿ ತಗದು ಹಾಕಿದ್ರು. ಮ್ಯಾಲ ಒಂದು ತಿಂಗಳು ಕರೆಂಟ ಕೊಟ್ರು. ಮಷೀನಿನ ಕೆಳಗ ಮಲಗಿಸಿ ಉಳದ ಜಡ್ಡು ಸುಡೂದಕ್ಕ ನಮ್ಮ ಕಡೆ ಮಂದಿ ಹಂಗ ಅಂತಾರ. ಮನಿಗೆ ಕಳಸೂವಾಗ ಡಾಕ್ಟರು "ಘಾಬರೂ ನಕಾ, ಅಂಜಬ್ಯಾಡ್ರಿ, ಈಕಿ ಉಳೀತಾಳ, ಮೂರು ತಿಂಗಳಿಗೊಮ್ಮೆ ತೋರಸ್ರಿ" ಅಂತ ಅರ್ಧ ಮರಾಠಿ ಅರ್ಧ ಕನ್ನಡದಾಗ ಹೇಳಿದ್ರು. ಯಾರು ನಂಬತಾರ? ಕ್ಯಾನ್ಸರ್ ಅನ್ನೂ ಮಾತು ಮನ್ಯಾಗ ಯಾರೂ ಬಾಯಿಬಿಟ್ಟು ಆಡಲಿಲ್ಲ. ದೊಡ್ಡ ಜಡ್ಡು ಅಂದ್ವಿ. ದೊಡ್ಡ ಜಡ್ಡು ಬಂದಾಕಿ ಉಳೀತಾಳಂದ್ರ ನಮ್ಮ ಅತ್ತಿಗೆ ಅದು ಡಾಕ್ಟರು ಸಮಾಧಾನಕ್ಕ ಹೇಳಿದ ಮಾತು.

ಕರೆಂಟ ಕೊಟ್ಟಲ್ಲಿ ಗಾಯ ಒಡದು ಸೋರಾಕ ಹತ್ತಿತು. ಸೋರೂ ಗಾಯ ಇದ್ದಾಕಿ ಚೌಕದಾಗ ಬರಬಾರದು, ಅದು ನಿಯಮ, ಅತ್ತಿ ಅಂದಿದ್ರಾಗ ತಪ್ಪಿರಲಿಲ್ಲ. "ನೀ ಹೊರಗ ಇರವ್ವಾ, ಸಣ್ಣಾಕಿ ನೋಡಕೋತಾಳ" ಅಂದ್ರು. ಸಣ್ಣಾಕಿ ಅಂದ್ರ ನಾ. ಮರುದಿನ ಬೆಳಿಗ್ಗೆ ಕಳಸ ನನ್ನ ಕೈಯಾಗ ಬಂತು.

ಇದನ್ನ ಮುಚ್ಚಿಟ್ಟು ಹೇಳಿದ್ರ ಈ ಕತಿ ಹೇಳೂದ ಬ್ಯಾಡ. ನನಗ ಖುಷಿ ಆತು. ಹಸಿ ಸೀರಿ ಹಿಂಡಿ ಉಟಗೊಂಡು, ತಲಿ ಮ್ಯಾಲ ಸೆರಗು ಹೊತಗೊಂಡು ಬಾಗಲದಾಗ ನಿಂತ್ರ ಇಡೀ ಓಣಿ ನನ್ನನ್ನ ನೋಡತಿತ್ತು. ಒಮ್ಮೆ ಮುನಿಗಳು ನಮ್ಮ ಮನಿ ಮುಂದ ನಿಂತ ದಿನ ನನ್ನ ಎದಿ ಉಬ್ಬಿ ಕುಪ್ಪಸ ಬಿಗಿ ಆಗಿತ್ತು. ಅಕ್ಕ ಪಡಸಾಲಿ ಕಂಬಕ್ಕ ಆನಿಕೊಂಡು ದೂರಿಂದ ಕೈ ಮುಗದ್ಳು.

ಗಾಯಕ್ಕ ಅರಿವಿ ಬದಲ್ಸಾಕಿ ನಾನ. ಬ್ಯಾರೆ ಯಾರಿಗೂ ಆಕಿ ತೋರಸ್ತಿರಲಿಲ್ಲ. ನಾಕು ತಿಂಗಳಿಗೆ ಅದು ಒಣಗಿತು. ಒಂದಿನ ಬಿಚ್ಚಿದ ಅರಿವಿ ಕಟ್ಟಿದಂಗ ಹಸನ ಇತ್ತು. "ಅಕ್ಕಾರ, ಒಣಗೇತ್ರಿ" ಅಂದೆ. ಆಕಿ ಅಷ್ಟೊತ್ತು ನನ್ನ ಮಾರಿ ನೋಡಿ, "ಅತ್ತಿಗೆ ಹೇಳತೀಯೇನು?" ಅಂತ ಕೇಳಿದ್ಳು. "ಹೇಳತೀನ್ರಿ" ಅಂದೆ. ತಾನ ಹೇಳಬಾರದೇನು ಅಂತ ನಿಮಗ ಅನಸಬಹುದು. ತನ್ನ ಎದಿ ಮಾತು ತಾನ ಅತ್ತಿ ಮುಂದ ತಗೀಯೂವಂಥ ಹೆಂಗಸು ಆಕಿ ಅಲ್ಲ, ಆ ಕಾಲಾನೂ ಅಲ್ಲ. ನಾ ನಾಳೆ ಹೇಳಿದ್ರಾತು ಅಂದೆ. ನಾಡದು ಹೇಳಿದ್ರಾತು ಅಂದೆ. ಹೇಳಲೇ ಇಲ್ಲ. ಆಕಿ ಮತ್ತ ಕೇಳಲೂ ಇಲ್ಲ.

ಅದಾದ ವಾರಕ್ಕ ಆಕಿ ಬಸದಿಗೆ ಹೋಗಿ, ಇನ್ನ ಉಣ್ಣೂದಿಲ್ಲ ಅಂತ ದೇವರ ಮುಂದ ತುಪ್ಪ ಬಿಟ್ಳು. ನಮ್ಮಲ್ಲಿ ಇದು ದೊಡ್ಡ ಮಾತಲ್ಲ, ಹೆಂಗಸರು ಒಂದೊಂದು ರಸ ತ್ಯಾಗ ಮಾಡತಿರತಾರ. ಮುಂದ ಹಾಲು ಬಿಟ್ಳು. ಮೊಸರು ಬಿಟ್ಳು. ಕಬ್ಬಿನ ಊರಾಗ ಇದ್ದು ಬೆಲ್ಲ ಬಿಟ್ಳು. ಮಿರಜಿನ ಗುಳಗಿನೂ ಬಿಟ್ಳು, ಮೂರು ತಿಂಗಳಿಗೊಮ್ಮೆ ಹೋಗೂದನ್ನೂ ಬಿಟ್ಳು. ಅತ್ತಿ ಬಂದ ಮಂದಿಗೆಲ್ಲಾ "ನಮ್ಮ ದೊಡ್ಡ ಸೊಸಿಗೆ ವೈರಾಗ್ಯ ಬಂದೇತ್ರಿ" ಅಂತ ಹೇಳಾಕ ಹತ್ತಿದ್ರು. ಹೆಂಗಸರು ಬಂದು ಆಕಿ ಕಾಲಿಗೆ ಬೀಳಾಕ ಹತ್ತಿದ್ರು. ಮೊನ್ನೆ ಆಕಿ ಮುಟ್ಟಿದ ತಾಟು ಬ್ಯಾರೆ ಇಟ್ಟವರ ಇವತ್ತ ಆಕಿ ಕಾಲು ಮುಟ್ಟಾಕ ಬಂದ್ರು. ಕಡೀಕ ಉಪ್ಪು ಬಿಟ್ಳು. ಆ ದಿನ ಸಪ್ಪನ ಬ್ಯಾಳಿ, ಸಪ್ಪನ ಅನ್ನ ನಾನ ನೀಡಿದೆ. ಆಕಿ ತಾಟಿನ ಮುಂದ ಕುಂತು ನನ್ನ ಕಡೆ ನೋಡಿದ್ಳು. ನಾ ಕೈ ಮುಗದು, "ಪುಣ್ಯವಂತ್ರು ನೀವು ಅಕ್ಕಾರ" ಅಂದೆ. ಈ ನಾಲಗಿ ಸುಡಲಿ.

ಒಂದು ಮಧ್ಯಾಹ್ನ ಆಕಿ ಹಿತ್ತಲ ಬಾವಿ ಕಟ್ಟಿ ಮ್ಯಾಲ ಕುಂತಿದ್ಳು. ನೀರು ಸೇದಾಕ ಬಿಂದಿಗಿ ಇರಲಿಲ್ಲ, ಹಗ್ಗ ಇರಲಿಲ್ಲ, ಸುಮ್ಮನ ಕುಂತಿದ್ಳು. "ತಲಿ ತಿರುಗಿ ಬಿದ್ದೀರಿ, ಏಳ್ರಿ" ಅಂತ ಗದರಿಸಿ ರಟ್ಟಿ ಹಿಡದು ಕರಕೊಂಡು ಬಂದೆ. ಸಣ್ಣ ಕೂಸಿನಂಗ ಹಿಂದ ಬಂದ್ಳು. ರಟ್ಟಿ ಅನ್ನೂದು ಬರೇ ಎಲುವು. ಉಣದ ಶಕ್ತಿ ಇಲ್ಲ ಅದಕ ಕುಂತಾಳ ಅಂದ್ಕೊಂಡೆ. ಅದರ ಮ್ಯಾಲ ಒಂದು ಮಾತು ಕೇಳಲಿಲ್ಲ.

ಆ ಮಳಿಗಾಲಕ್ಕ ಆಕಿ ಗೋಡಿ ಹಿಡದು ಅಡ್ಡಾಡೂವಂಗ ಆದ್ಳು. ಜಡ್ಡು ತಿರುಗಿ ಬಂತು ಅಂತ ನಾವೆಲ್ಲಾ ತಿಳಕೊಂಡ್ವಿ. ಅತ್ತಿ ಸಲ್ಲೇಖನದ ಮಾತು ತಗದ್ರು. ದೇಹ ಇನ್ನ ಉಳಿಯೂದಿಲ್ಲ ಅಂತ ಖಾತ್ರಿ ಆದ ಮ್ಯಾಲ, ಗುರುಗಳ ಒಪ್ಪಿಗಿ ತಗೊಂಡು, ಅನ್ನ ನೀರು ಮೆಲ್ಲಕ ಬಿಟ್ಟು ಶಾಂತವಾಗಿ ಹೋಗೂದು ಅದು. ನಮ್ಮ ಅಜ್ಜ ಹಂಗ ಹೋದಾಂವ, ನಕ್ಕೋತ ಹೋದ, ನಾ ಕಣ್ಣಾರೆ ನೋಡೀನಿ. ಅದನ್ನ ಬೈಯಾಕ ನಾ ಕುಂತಿಲ್ಲ. "ಹೆಂಗೂ ದೊಡ್ಡ ಜಡ್ಡು. ನರಳಿ ಸಾಯೂದಕಿಂತ ಧರ್ಮದಾಗ ಹೋಗಲಿ" ಅಂದ್ರು ಅತ್ತಿ. ಭಾವ ತಲಿ ಕೆಳಗ ಹಾಕಿ ಹೂಂ ಅಂದ. ತೆಲಸಂಗಕ್ಕ ಸುದ್ದಿ ಹೋತು. ಹಂಗ ಹೋದವರನ್ನ ಮಲಗಿಸಿ ಒಯ್ಯೂದಿಲ್ಲ, ಕಟಗಿ ವಿಮಾನ ಮಾಡಿ ಕುಂದರಿಸಿ ಮೆರವಣಿಗಿ ಒಯ್ತಾರ. ಒಂದಿನ ದನದ ಕೊಟ್ಟಿಗ್ಯಾಗ ಹೊಸಾ ಹಲಿಗಿ ಬಂದು ಬಿದ್ದಿದ್ವು. ಅಕ್ಕ ಕಿಟಕ್ಯಾಗಿಂದ ಅವನ್ನ ನೋಡಿದ್ಳು, ಯಾಕಂತ ಕೇಳಲಿಲ್ಲ.

ಆ ಚಾತುರ್ಮಾಸಕ್ಕ ನಮ್ಮೂರ ಬಸದ್ಯಾಗ ಒಬ್ಬ ವಯಸ್ಸಾದ ಮಾತಾಜಿ ಉಳಕೊಂಡಿದ್ರು. ಎಪ್ಪತ್ತು ದಾಟಿದ ಒಣಕಲ ದೇಹ, ಮಾತು ಕಡಿಮಿ. ಒಪ್ಪಿಗಿ ಕೇಳಾಕ ಅಕ್ಕನ್ನ ಚಕ್ಕಡ್ಯಾಗ ಕುಂದರಿಸಿ ಕರಕೊಂಡು ಹೋದ್ವಿ. ಮಾತಾಜಿ ಎಲ್ಲಾರನ್ನೂ ಹೊರಗ ಕಳಿಸಿದ್ರು. ಅಕ್ಕಗ ಆನಿಕಿ ಇಲ್ಲದ ಕುಂದರಾಕ ಆಗತಿರಲಿಲ್ಲ, ಅದಕ ನಾ ಆಕಿ ಬೆನ್ನಿಗೆ ಉಳದೆ.

"ಕಡೀಕ ಬಿಟ್ಟಿದ್ದು ಏನವ್ವಾ?" ಅಂತ ಕೇಳಿದ್ರು ಮಾತಾಜಿ.

"ಉಪ್ಪು ರೀ."

"ನೆನಪ ಬರತೈತೇನು ಉಪ್ಪು?"

"ದಿನಾ ಬರತೈತ್ರಿ" ಅಂದ್ಳು ಅಕ್ಕ.

"ಸಾಯಬೇಕು ಅನಸ್ತೈತೇನು?"

ಇಂಥ ಮಾತು ಹಿಂಗ ನೆಟ್ಟಗ ಕೇಳೂದನ್ನ ನಾ ಆತನಕ ಕೇಳಿರಲಿಲ್ಲ. ಒಂದೂವರಿ ವರ್ಷದಾಗ ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ಅಕ್ಕನ ಬೆನ್ನು ನನ್ನ ಎದಿಗೆ ಆತಿತ್ತು, ಆಕಿ ನಡುಗಿದ್ದು ನನಗ ಗೊತ್ತಾತು.

"ಹೌದ್ರಿ" ಅಂದ್ಳು. "ನಾ ಅರ್ಧಾ ಹೆಂಗಸು ಅದೀನ್ರಿ. ಚೌಕಕ್ಕೂ ಬ್ಯಾಡಾದೆ. ಮೊದಲ ಬಾವಿ ನೆನಪಾತ್ರಿ. ಆದ್ರ ನೀರಾಗ ಜೀವ ಇರತಾವು, ಮನಿ ಹೆಸರೂ ಕೆಡತೈತಿ. ಹಿಂಗ ಹೋದ್ರ ಯಾರಿಗೂ ತ್ರಾಸಿಲ್ಲ, ಎಲ್ಲಾರಿಗೂ ಮರ್ಯಾದಿ ಅಂತ ಮಾಡೀನ್ರಿ."

ಮಾತಾಜಿ ಕಣ್ಣು ಮುಚ್ಚಿದ್ರು. ತಗದು, "ಚೌಕದಿಂದ ಯಾಕ ಹೊರಗ ಹಾಕಿದ್ರು?" ಅಂದ್ರು.

"ಗಾಯ ಸೋರತಿತ್ರಿ."

"ಈಗ?"

ಅಕ್ಕ ಕುತಗಿ ಹೊರಳಿಸಿ ನನ್ನ ನೋಡಿದ್ಳು, ಅಷ್ಟ. ಮಾತಾಜಿನೂ ನನ್ನ ನೋಡಿದ್ರು. ಊರಿಗೆಲ್ಲಾ ಬಾಯಿ ಮಾಡೂ ನಾ ಅವತ್ತ ಅಕ್ಕನ ಸೆರಗು ಸರಿ ಮಾಡಕೋತ ಕುಂತೆ.

ಮಾತಾಜಿ ಎಲ್ಲಾರನ್ನೂ ಒಳಗ ಕರದ್ರು. "ಇದು ವ್ರತ ಅಲ್ಲ" ಅಂದ್ರು. "ಸಾಯಬೇಕು ಅನ್ನೂ ಆಸೆ ಇಟಗೊಂಡು ಅನ್ನ ಬಿಟ್ರ ಅದು ಆತ್ಮಹತ್ಯೆ. ನಾ ಒಪ್ಪಿಗಿ ಕೊಡೂದಿಲ್ಲ. ಬಿಟ್ಟಿದ್ದಕ್ಕೆಲ್ಲಾ ಇವತ್ತ ಬಿಡುಗಡಿ ಕೊಟ್ಟೀನಿ. ಈಕಿಗೆ ಉಣಸ್ರಿ, ದವಾಖಾನಿಗೆ ಕರಕೊಂಡು ಹೋಗ್ರಿ." ಅತ್ತಿ ಮಾರಿ ಕಪ್ಪಿಟ್ಟಿತು. ದಾರಿಯುದ್ದಕ್ಕೂ "ಮಂದಿಗೆ ಏನ ಹೇಳೂದು ಈಗ" ಅನಕೋತ ಬಂದ್ರು.

ಮನ್ಯಾಗ ಗಂಜಿ ಕಾಸಿ ಅಕ್ಕನ ಮುಂದ ಹಿಡದೆ. "ಬ್ಯಾಡ ತಂಗಿ. ಎಲ್ಲಾರೂ ಬ್ಯಾಸರ ಆಗ್ಯಾರ" ಅಂದು ಗೋಡಿ ಕಡೆ ಹೊರಳಿದ್ಳು. ಮೊದಲ ವ್ರತ ಅಂತರ ಒಂದು ಆಸರ ಇತ್ತು. ಈಗ ಅದೂ ಹೋತು, ಆಕಿ ಗಂಜಿನೂ ಮುಟ್ಟಲಿಲ್ಲ.

ಮರುದಿನ ಬೆಳಿಗ್ಗೆ ಮಾತಾಜಿ ಆಹಾರಕ್ಕ ಹೊರಟು ಬಂದ್ರು. ನಾ ಕಳಸ ಹಿಡದು "ಅತ್ರ ಅತ್ರ" ಅಂದೆ. ನನ್ನ ಮಾರಿ ನೋಡಿ ಮುಂದ ಹೋದ್ರು. ಎಲ್ಲಾ ಮನಿ ದಾಟಿ ಉಪವಾಸ ತಿರುಗಿ ಹೋದ್ರು. ಎರಡನೇ ದಿನಾನೂ ಹಂಗ ಆತು. ಊರಾಗ ಗುಸುಗುಸು ಸುರು ಆತು, ಏನಿರಬಹುದು ವಿಧಿ ಅಂತ. ಒಬ್ಬಾಕಿ ತೆಂಗಿನಕಾಯಿ, ಒಬ್ಬಾಕಿ ಕಬ್ಬಿನ ಗಣಿಕಿ, ಒಬ್ಬಾಕಿ ಗಂಡನ್ನ ಹೊಲದಿಂದ ಎಳಕೊಂಡು ಬಂದು ಜೋಡಿ ನಿಂತ್ಳು. ಎಪ್ಪತ್ತು ವರ್ಷದ ಜೀವ, ಎರಡು ದಿನದಿಂದ ಹನಿ ನೀರಿಲ್ಲ. ಅವರು ಬಸದಿ ಹೊಸ್ತಿಲಾ ದಾಟೂವಾಗ ಕಾಲು ತಡವರಿಸಿದ್ದು ಎಲ್ಲಾರಿಗೂ ಕಂಡಿತ್ತು.

ಮೂರನೇ ದಿನ ಚೌಕದಾಗ ಒಲಿ ಹಚ್ಚಾಕ ಕುಂತಾಕಿ ಕಡ್ಡಿ ಕೆಳಗ ಇಟ್ಟೆ. ಅವರ ವಿಧಿ ಏನಂತ ನನಗ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಆದ್ರ ಎರಡು ದಿನ ಅವರು ನನ್ನ ಮಾರಿ ನೋಡಿ ಮುಂದ ಹೋಗಿದ್ರು. ಒಳಗ ಒಬ್ಬಾಕಿ ಉಣವಲ್ಲಳು, ಹೊರಗ ಒಬ್ಬರು ಉಣವಲ್ಲರು, ನಡುವ ಕಳಸ ಹಿಡಕೊಂಡು ನಿಂತಾಕಿ ನಾ. ಎದ್ದು ಅಕ್ಕನ ಕೋಣಿಗೆ ಹೋದೆ.

"ಏಳ್ರಿ, ಜಳಕಾ ಮಾಡಸ್ತೀನಿ. ಕಳಸ ನೀವು ಹಿಡೀಬೇಕು."

"ಬ್ಯಾಡ ತಂಗಿ" ಅಂದ್ಳು.

"ಬ್ಯಾಡ ಅನಬ್ಯಾಡ್ರಿ ಅಕ್ಕಾರ" ಅಂದೆ. ಅಷ್ಟು ದಿನದಾಗ ಆಕಿಗೆ ನಾ ಹಂಗ ಅಂದಿದ್ದು ಅದ ಮೊದಲ.

ಜಳಕಾ ಮಾಡಿಸಿ, ಮಡಿ ಉಡಿಸಿ, ಹೆಗಲ ಕೊಟ್ಟು ಕರಕೊಂಡು ಬಂದ್ರ ಅತ್ತಿ ಚೌಕದ ಬಾಗಲಕ್ಕ ಅಡ್ಡ ನಿಂತಿದ್ರು. "ಗಾಯದಾಕೀನ ಒಳಗ ತರತೀಯಾ? ಬುದ್ಧಿ ಎಲ್ಲಿಟ್ಟಿ?" ಅಂದ್ರು. ಭಾವ ಇದ್ದ, ನಮ್ಮ ಮನಿಯವರು ಇದ್ರು. ಗಂಡಸರ ಮುಂದ ಎದಿ ಮಾತು. ನಾ ಅಂದೆ, "ಗಾಯ ಒಣಗಿ ವರ್ಷ ಆಗಾಕ ಬಂತ್ರಿ. ಅರಿವಿ ಕಟ್ಟಾಕಿ ನಾ, ನನಗ ಗೊತ್ತಿತ್ತು. ನಾ ಹೇಳಲಿಲ್ಲ. ಕಳಸ ನನಗ ಬೇಕಾಗಿತ್ತು, ಅದಕ ಹೇಳಲಿಲ್ಲ."

ನಮ್ಮ ಮನಿಯವರು ನನ್ನ ಯಾರೋ ಪರಕೀ ಹೆಂಗಸನ್ನ ನೋಡಿದಂಗ ನೋಡಿದ್ರು. ಅತ್ತಿ ಸರದು ನಿಂತ್ರು.

ಬಾಗಲದಾಗ ಕಳಸ ಅಕ್ಕನ ಕೈಯಾಗ ಇತ್ತು, ಆಕಿ ಕೈ ಕೆಳಗ ನನ್ನ ಕೈ ಇದ್ವು. ಮಾತಾಜಿ ಓಣಿ ತಿರುವಿನ್ಯಾಗ ಕಂಡ್ರು. ಅಕ್ಕನ ದನಿ ಹೊರಡಲಿಲ್ಲ, ಬರೇ ತುಟಿ ಅಲುಗಿದ್ವು. ಮಾತಾಜಿ ಬಂದ್ರು. ಅಕ್ಕನ ಮುಂದ ನಿಂತ್ರು.

ನಿಂತೇ ಬಿಟ್ರು. ಓಣ್ಯಾಗ ಯಾರೋ ಹೆಂಗಸು ಅಳಾಕ ಹತ್ತಿದ್ಳು. ನಾನೂ ಅತ್ತೆ, ಕೈ ಬಿಡೂವಂಗಿರಲಿಲ್ಲ, ಮೂಗು ಒರಸಿಕೊಳ್ಳಾಕೂ ಬರಲಿಲ್ಲ. ಒಳಗ ಅಕ್ಕ ಒಂದೊಂದ ತುತ್ತು ಅವರ ಬೊಗಸಿಗೆ ಹಾಕಿದ್ಳು, ಪ್ರತಿ ತುತ್ತಿಗೂ ಆಕಿ ಉಸಿರು ಎಳಕೋತಿದ್ದದ್ದು ಕೇಳತಿತ್ತು. ಊಟ ಆದ ಮ್ಯಾಲ ಮಾತಾಜಿ ಆಕಿಗೆ "ಇನ್ನ ನೀ ಉಣ್ಣು" ಅಂದ್ರು. ಅಕ್ಕ ಚೌಕದಾಗ ಕುಂತು ಗಂಜಿ ಕುಡದ್ಳು. ಉಪ್ಪು ತಾನ ಹಾಕ್ಕೊಂಡ್ಳು.

ಆ ವಾರ ಮಿರಜಿಗೆ ಹೋದ್ವಿ. ಡಾಕ್ಟರು ಫೋಟೋ ತಗದು, ರಕ್ತ ನೋಡಿ, ನಮ್ಮನ್ನ ಎದುರಿಗೆ ನಿಂದರಿಸಿ ಮರಾಠ್ಯಾಗ ಬೈದ್ರು. ಜಡ್ಡು ತಿರುಗಿ ಬಂದ ಗುರುತ ಇರಲಿಲ್ಲ. ಆಕಿ ಸಾಯಾಕ ಹತ್ತಿದ್ದು ಜಡ್ಡಿನಿಂದ ಅಲ್ಲ, ಉಣದ ಇದ್ದದ್ದಕ್ಕ. ಆ ಮಾತು ಕೇಳಿ ಭಾವ ದವಾಖಾನಿ ಪಾವಟಿಗಿ ಮ್ಯಾಲ ಕುಂತಾಂವ ಒಂದು ತಾಸು ಏಳಲಿಲ್ಲ. ಅಲ್ಲೇ ಮನಸಿನ ಜಡ್ಡು ನೋಡೂ ಡಾಕ್ಟರಬಾಯಿ ಒಬ್ಬರಿದ್ರು. ನಮ್ಮನ್ನೆಲ್ಲಾ ಹೊರಗ ಕಳಿಸಿ ಅಕ್ಕನ ಜೊತಿ ಬಾಳೊತ್ತು ಮಾತಾಡಿದ್ರು, ಗುಳಗಿ ಕೊಟ್ರು, ತಿಂಗಳಾ ಬಾ ಅಂದ್ರು. ನಾನ ಕರಕೊಂಡು ಹೋಗತಿದ್ದೆ. ಒಮ್ಮೆಲೇ ಎಲ್ಲಾ ಸರಿ ಆಗಲಿಲ್ಲ. ಕೆಲವು ದಿನ ಮತ್ತ ಗೋಡಿ ಕಡೆ ಹೊರಳತಿದ್ಳು, ಅಂಥಾ ದಿನ ನಾ ಆಕಿ ಕೋಣ್ಯಾಗ ಕುಂತು ಬಾಯಿ ನೋಯೂತನಕ ಹರಟಿ ಹೊಡಿತಿದ್ದೆ. ಕೊಟ್ಟಿಗ್ಯಾಗಿನ ಹಲಿಗಿಲೆ ಭಾವ ಬಾವಿಗೆ ಮುಚ್ಚಳಾ ಮಾಡಿಸಿದ.

ಆಮ್ಯಾಲ ಆಕಿ ಐದು ವರ್ಷ ಬದುಕಿದ್ಳು. ಕಳಸ ತಿರುಗಿ ಆಕೀದು ಆತು. ಐದನೇ ವರ್ಷ ಜಡ್ಡು ನಿಜವಾಗಿ ಬಂತು, ಬೆನ್ನೆಲುವಿಗೆ. ಆಗ ಆಕಿ ಏನೂ ಬಿಡಲಿಲ್ಲ, ನೋವಿನ ಗುಳಗಿ ತಗೊಂಡು, ನಾ ಉಣಿಸಿದ್ದು ಉಣಕೋತ ಹೋದ್ಳು. ಆಕಿ ಸತ್ತಿದ್ದು ನನ್ನ ಕಾಡೂದಿಲ್ಲ. ಕಾಡೂದು ಬ್ಯಾರೆ.

ಅದು ಆಕಿ ಗಟ್ಟಿ ಇದ್ದ ಕಾಲದ ಒಂದು ಮಧ್ಯಾಹ್ನ. ಇಬ್ಬರೂ ಪಡಸಾಲ್ಯಾಗ ಮೊರ ಹಿಡಕೊಂಡು ತೊಗರಿಬ್ಯಾಳಿ ಹಸನ ಮಾಡಾಕ ಕುಂತಿದ್ವಿ. ನನ್ನ ರೊಟ್ಟಿ ಇನ್ನೂ ನಕ್ಷಾನ ಅಂತ ಚಾಷ್ಟಿ ಮಾಡಿ ನಕ್ಕಿದ್ಳು. ನಗೂದು ನಿಂತ ಮ್ಯಾಲ, ತಲಿ ಎತ್ತದ, ಸಿಟ್ಟಿಲ್ಲದ ಒಂದು ಮಾತು ಅಂದ್ಳು.

"ಒಂದೊಂದು ಬಿಟ್ಟಾಗೂ ನಾ ನಿನ್ನ ಮಾರಿ ನೋಡತಿದ್ದೆ ತಂಗಿ. ಈ ಸಲಾನರ ಬ್ಯಾಡ್ರಿ ಅಂತಿ, ಈ ಸಲಾನರ ಬ್ಯಾಡ್ರಿ ಅಂತಿ ಅಂತ. ನೀ ಪ್ರತಿಸಲ ಕೈ ಮುಗದಿ."

ಆಕಿ ಒಂದು ಹಳ್ಳು ಹುಡುಕಿ ಹೊರಗ ಒಗದು, ಮೊರ ಈ ಕಡೆ ಸರಿಸಿದ್ಳು, ಉಳದ ಬ್ಯಾಳಿ ನಾ ಆರಿಸಿದೆ.